ಎಂಟು ಗಂಟೆಗೆ ಮುಂಚಿನವರು

ವಿಶ್ವವಿದ್ಯಾಲಯದಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಸಾಲು ಮೇಷ್ಟ್ರು ಅಂದರೆ ಸಾಕು, ಗೇಟಿನ ಕಾವಲುಗಾರನೂ ಎರಡನೇ ಮಹಡಿಯ ಕೊನೇ ಕೋಣೆಯತ್ತ ಕೈ ತೋರಿಸುತ್ತಿದ್ದ. ಜನ ಎಲ್ಲೆಲ್ಲಿ ಸಾಲು ನಿಲ್ಲುತ್ತಾರೋ ಅಲ್ಲೆಲ್ಲ ಅವರ ಕಣ್ಣು. ಬ್ಯಾಂಕು, ಬಸ್ ಡಿಪೋ, ಅಂಚೆ ಕಚೇರಿ, ಲಾರಿ ತೂಕ ಹಾಕುವ ಜಾಗ. ಓದಿದವರು ಅದಕ್ಕೆ ಆಪರೇಷನ್ಸ್ ರಿಸರ್ಚ್ ಅನ್ನುತ್ತಾರೆ. ಇರುವ ಜನ, ಇರುವ ಹೊತ್ತು, ಇರುವ ಕೈಗಳನ್ನು ಹೇಗೆ ಹೊಂದಿಸಿದರೆ ಕೆಲಸ ಸಲೀಸಾಗುತ್ತದೆ ಅಂತ ನೋಡುವ ವಿದ್ಯೆ.

ಅದಕ್ಕಾಗಿ ಅವರು ಕಂಪ್ಯೂಟರಿನೊಳಗೆ ಒಂದು ಸುಳ್ಳು ಲೋಕ ಕಟ್ಟುತ್ತಿದ್ದರು. ಸಿಮ್ಯುಲೇಶನ್ ಅಂತ ಅದರ ಹೆಸರು. ಸುಳ್ಳು ಬಾಗಿಲು, ಸುಳ್ಳು ಕಿಟಕಿ, ಸುಳ್ಳು ಜನ. ಬರುತ್ತಾರೆ, ನಿಲ್ಲುತ್ತಾರೆ, ಚೀಟಿ ತಗೊಂಡು ಹೋಗುತ್ತಾರೆ. ಮೇಷ್ಟ್ರು ಒಂದು ಲೋಟ ಚಹಾ ಮುಗಿಸುವಷ್ಟರಲ್ಲಿ ಅಲ್ಲಿ ಒಂದು ವರ್ಷ ಕಳೆದಿರುತ್ತದೆ. ಒಂದು ಕಿಟಕಿ ಮುಚ್ಚಿ ನೋಡಬಹುದು, ಎರಡು ತೆರೆದು ನೋಡಬಹುದು, ಬೈಯುವವರಿಲ್ಲ. ಆ ಸುಳ್ಳು ಜನಕ್ಕೆ ಕಾಲು ನೋಯುವುದಿಲ್ಲ.

ಮೇಷ್ಟ್ರನ್ನು ಸಾಕಿದ್ದು ಅವರ ಚಿಕ್ಕಮ್ಮ. ಅಕ್ಕ ತೀರಿಕೊಂಡಾಗ ನಾಲ್ಕು ವರ್ಷದ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದವಳು, ಆಮೇಲೆ ತನಗೆ ಅಂತ ಇನ್ನೊಂದು ಸಂಸಾರ ಕಟ್ಟಲಿಲ್ಲ. ರಸ್ತೆಗೆ ಬಾಗಿಲಿದ್ದ ಒಂದು ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಒಲೆ, ಹಾಸಿಗೆ. ಅಕ್ಷರ ಅಷ್ಟಕ್ಕಷ್ಟೇ. ಆದರೆ ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಯಾರಾದರೂ ಬಟ್ಟೆ ಕಮ್ಮಿ ತಂದು "ಹೇಗೋ ಹೊಂದಿಸಮ್ಮ" ಅಂದರೆ, "ಬಟ್ಟೆ ಸಾಲದಿದ್ರೆ ನಿನ್ನ ತೋಳು ಕತ್ತರಿಸ್ಲಾ?" ಅನ್ನುತ್ತಿದ್ದಳು.

ಮೇಷ್ಟ್ರಿಗೆ ಮೂವತ್ತು ವರ್ಷವಾಗಿದ್ದಾಗ ಪಿಎಚ್.ಡಿ.ಗೆ ಅಂತ ಹಿಡಿದದ್ದು ದೊಡ್ಡಾಸ್ಪತ್ರೆಯ ಚೀಟಿ ಸಾಲು. ಅಲ್ಲಿ ಮೂರು ಕಿಟಕಿ. ಒಂದನ್ನು ಮುಚ್ಚಿ ಆ ಗುಮಾಸ್ತನನ್ನು ಬೇರೆ ಕಡೆ ಹಾಕಬಹುದೇ ಅಂತ ಆಸ್ಪತ್ರೆಯವರ ಪ್ರಶ್ನೆ. ಮೊದಲು ಜನ ಎಷ್ಟು, ಯಾವಾಗ ಬರುತ್ತಾರೆ ಅಂತ ಎಣಿಸಬೇಕು. ಎಣಿಸುವವರು ಯಾರು?

"ನಾನಿಲ್ವಾ?" ಅಂದಳು ಚಿಕ್ಕಮ್ಮ. "ಎಣಿಸೋಕೆ ಕಾಲೇಜು ಮೆಟ್ಟಿಲು ಹತ್ತಬೇಕಾ?"

ಮೂವತ್ತು ದಿನ, ಬೆಳಿಗ್ಗೆ ಆರಕ್ಕೆ ಹೋಗಿ ಆಸ್ಪತ್ರೆ ಎದುರಿನ ಕಲ್ಲುಬೆಂಚಿನ ಮೇಲೆ ಕೂತಳು. ಒಬ್ಬೊಬ್ಬರಿಗೆ ಒಂದೊಂದು ಗೆರೆ. ನಾಲ್ಕು ನಿಂತ ಗೆರೆ, ಐದನೆಯದು ಅಡ್ಡ. ಕಿಟಕಿ ತೆರೆಯುವುದು ಎಂಟಕ್ಕೆ. ಆದರೆ ಆರಕ್ಕೇ ಜನ ಇರುತ್ತಿದ್ದರು, ಹೆಚ್ಚಿನವರು ವಯಸ್ಸಾದವರು, ಕೋಲು ಊರಿಕೊಂಡವರು. ಆರರಿಂದ ಒಂಬತ್ತರವರೆಗಿನವರಿಗೆ ಒಂದು ಪುಟ, ಆಮೇಲಿನವರಿಗೆ ಇನ್ನೊಂದು.

ಮೇಷ್ಟ್ರು ದಿನಾ ಸಂಜೆ ಪುಸ್ತಕ ತಗೊಂಡು ಮೊದಲ ಪುಟವನ್ನು ಪರ್ರನೆ ಹರಿದು ಬದಿಗಿಡುತ್ತಿದ್ದರು.

"ಯಾಕೋ ಪುಟ್ಟ ಹರೀತೀಯಾ? ಅದಕ್ಕೇ ತಾನೇ ನಾನು ಐದಕ್ಕೇ ಎದ್ದು ಓಡೋದು?"

"ಅದು ಲೆಕ್ಕಕ್ಕೆ ಬರಲ್ಲ ಚಿಕ್ಕಮ್ಮ. ವಾರ್ಮ್ ಅಪ್ ಅಂತಾರೆ. ಮೋಟರು ಶುರು ಮಾಡಿದ ತಕ್ಷಣ ಗಡಗಡ ಅನ್ನುತ್ತಲ್ಲ, ಹಾಗೆ. ಬಿಸಿಯಾದ ಮೇಲಿಂದ ಅಳೀಬೇಕು."

"ಅವರು ಮೋಟರಲ್ಲ ಕಣೋ, ಮುದುಕರು."

ಮೇಷ್ಟ್ರು ನಕ್ಕರು. ಚಿಕ್ಕಮ್ಮನೂ ನಕ್ಕಳು. ಓದಿದ ಹುಡುಗ ಹೇಳಿದ ಮೇಲೆ ಮುಗಿಯಿತು ಅಂದುಕೊಂಡು, ಹರಿದ ಪುಟಗಳನ್ನು ಅಂಟಿಸಿ ಅಂಗಿಯ ಕಾಲರಿಗೆ ಅಳತೆ ಕಾಗದ ಕತ್ತರಿಸಿಕೊಂಡಳು.

ವಿದ್ಯೆಯಲ್ಲಿ ಹಾಗೊಂದು ನಿಯಮ ಇರುವುದು ನಿಜವೇ. ಕಂಪ್ಯೂಟರಿನ ಆಸ್ಪತ್ರೆ ಶುರುವಾಗುವಾಗ ಖಾಲಿ ಇರುತ್ತದೆ, ಜನ ತುಂಬುವವರೆಗಿನ ಹೊತ್ತು ಬಿಡಬೇಕು. ಆದರೆ ನಿಜವಾದ ಆಸ್ಪತ್ರೆ ಎಂಟಕ್ಕೆ ಖಾಲಿ ಇರುತ್ತಿರಲಿಲ್ಲ, ಬಾಗಿಲು ತೆರೆಯುವ ಮುಂಚೆಯೇ ತುಂಬಿರುತ್ತಿತ್ತು. ಇದು ಮೇಷ್ಟ್ರಿಗೆ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಒಂದೇ ಒಂದು ಸಲ, ಒಂದು ಮಧ್ಯಾಹ್ನ, ಹರಿಯುವ ಮುಂಚೆ ಬರೆದಿಟ್ಟುಕೊಂಡಿದ್ದ ಮೊದಲ ಪುಟಗಳ ಎಣಿಕೆಯನ್ನೂ ಸೇರಿಸಿ ಓಡಿಸಿ ನೋಡಿದ್ದರು. ಅವಿಲ್ಲದೆ ಎರಡು ಕಿಟಕಿ ಸಾಕು, ಸರಾಸರಿ ಹನ್ನೊಂದು ನಿಮಿಷ ಕಾದರೆ ಆಯಿತು. ಅವು ಸೇರಿದರೆ, ಮುಂಚೆ ಬಂದವರು ಕಿಟಕಿ ತೆರೆದ ಮೇಲೂ ಎರಡು ಗಂಟೆ ನಿಲ್ಲಬೇಕು. ಪ್ರಬಂಧ ಕೊಡಲು ಉಳಿದದ್ದು ಒಂಬತ್ತೇ ದಿನ. ನಿಯಮ ಇದೆಯಲ್ಲ, ಯಾರೂ ಕೇಳುವುದಿಲ್ಲ ಅಂತ ಆ ಲೆಕ್ಕವನ್ನು ಅಳಿಸಿಬಿಟ್ಟರು.

ಯಾರೂ ಕೇಳಲಿಲ್ಲ. ಪ್ರಬಂಧಕ್ಕೆ ಬಹುಮಾನ ಬಂತು, ಕೆಲಸ ಸಿಕ್ಕಿತು, ಮುಂದೆ ಪ್ರೊಫೆಸರ್ ಆದರು. ಆಸ್ಪತ್ರೆಯಲ್ಲಿ ಮೂರನೇ ಕಿಟಕಿಗೆ ಹಲಗೆ ಹೊಡೆದರು. ಇಪ್ಪತ್ತೆಂಟು ವರ್ಷ ಕಳೆಯಿತು. ಅಷ್ಟು ವರ್ಷವೂ ಮೇಷ್ಟ್ರು ಆ ರಸ್ತೆಯಲ್ಲಿ ಬೆಳಿಗ್ಗೆ ಹೊತ್ತು ಹೋಗುತ್ತಿರಲಿಲ್ಲ, ಸುತ್ತು ಬಳಸಿ ಹೋಗುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅವರ ಬಾಳು ಹಾಗಾಗಿತ್ತು. ವಿದ್ಯಾರ್ಥಿ ಯಾರಾದರೂ ವಾರ್ಮ್ ಅಪ್ ಅಂದರೆ ಸಾಕು, ಕನ್ನಡಕ ತೆಗೆದು ಒರೆಸತೊಡಗುತ್ತಿದ್ದರು.

ಅವರಿಗೆ ಐವತ್ತೆಂಟಾದ ವರ್ಷ ಆಸ್ಪತ್ರೆಗೆ ಹೊಸ ಕಟ್ಟಡ ಏಳುತ್ತಿತ್ತು. ಚೀಟಿ ಕೊಡುವ ಗೋಡೆಯಲ್ಲಿ ಎಷ್ಟು ಕಿಟಕಿ ಬಿಡಬೇಕು ಅಂತ ಇಂಜಿನಿಯರು ಕೇಳಿದ್ದ. ಆಸ್ಪತ್ರೆಯ ಸೂಪರಿಂಟೆಂಡೆಂಟ್ ಫೋನು ಮಾಡಿದರು.

"ಹೊಸದಾಗಿ ಏನೂ ಬೇಡ ಸಾರ್. ನಿಮ್ಮ ಹಳೇ ಲೆಕ್ಕವೇ ನಮಗೆ ದಾರಿದೀಪ. ಎರಡು ಸಾಕು ಅಂತ ಒಂದು ಕಾಗದಕ್ಕೆ ಸಹಿ ಹಾಕಿಕೊಡಿ. ಸೋಮವಾರ ಗೋಡೆ ಏಳುತ್ತೆ."

ಕಾಗದವೂ ಅವರೇ ಟೈಪ್ ಮಾಡಿಸಿ ಕಳಿಸಿದರು. ಮೇಷ್ಟ್ರು ಅದನ್ನು ಜೇಬಿನಲ್ಲಿಟ್ಟುಕೊಂಡು ಎರಡು ದಿನ ತಿರುಗಾಡಿದರು. ಮೂರನೇ ದಿನ ಬೆಳಿಗ್ಗೆ ಒಂಬತ್ತೂವರೆಗೆ ಚಿಕ್ಕಮ್ಮನ ಮನೆಗೆ ಹೋದರೆ ಬೀಗ. ಪಕ್ಕದ ಚಪ್ಪಲಿ ಹೊಲಿಯುವವನು ತಲೆ ಎತ್ತದೆ ಅಂದ, "ಆಸ್ಪತ್ರೆಗೆ ಹೋಗವ್ರೆ. ಬಿ.ಪಿ. ಮಾತ್ರೆಗೆ. ತಿಂಗಳಿಗೆ ಎರಡು ಸಲ ಹೋಗ್ತಾರಲ್ಲ, ನಿಮಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಕೇಳಿರಲೂ ಇಲ್ಲ.

ಇಪ್ಪತ್ತೆಂಟು ವರ್ಷದ ಮೇಲೆ ಮೇಷ್ಟ್ರು ಬೆಳಗಿನ ಹೊತ್ತಿನಲ್ಲಿ ಆ ರಸ್ತೆಗೆ ಕಾಲಿಟ್ಟರು. ಸಾಲು ಹಜಾರ ದಾಟಿ, ಮೆಟ್ಟಿಲಿಳಿದು, ಸೈಕಲ್ ನಿಲ್ಲಿಸುವ ಜಾಗದವರೆಗೆ ಬಂದಿತ್ತು. ಚಿಕ್ಕಮ್ಮ ಕಿಟಕಿಯಿಂದ ಹನ್ನೆರಡನೆಯವಳು. ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಿಸುತ್ತಾ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಎಪ್ಪತ್ತಾರು ವರ್ಷ ಅವಳಿಗೆ.

"ಎಷ್ಟು ಹೊತ್ತಿಗೆ ಬಂದೆ ಚಿಕ್ಕಮ್ಮ?"

"ಆರೂವರೆ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ನಲ್ಲ, ಹೋದ ವರ್ಷ. ಸಾಲು ಬಹಳ ಆಗಿದೆ ಕಣೋ ಅಂದೆ. ಸರಾಸರಿ ಹನ್ನೊಂದು ನಿಮಿಷ ಚಿಕ್ಕಮ್ಮ ಅಂದೆ ನೀನು. ಆ ಹನ್ನೊಂದು ನಿಮಿಷ ಯಾವ ಅಂಗಡೀಲಿ ಸಿಗುತ್ತೆ ಹೇಳು, ನಾನೂ ಒಂದು ಕೊಂಡ್ಕೋತೀನಿ."

ಮುಂದೆ ನಿಂತಿದ್ದ ಮುದುಕ ಬೊಚ್ಚುಬಾಯಿ ಬಿಟ್ಟು ನಕ್ಕ. "ನನಗೂ ಒಂದು ತಗೊಳ್ಳಮ್ಮ" ಅಂದ. ಮೇಷ್ಟ್ರಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು.

"ಎರಡು ಸಲ ನಿಲ್ಲೋಕಾಗದೆ ವಾಪಸ್ ಹೋದೆ," ಅಂತ ಚಿಕ್ಕಮ್ಮ ಹವಾಮಾನದ ಸುದ್ದಿ ಹೇಳುವವಳ ಹಾಗೆ ಹೇಳಿದಳು. "ಮಾತ್ರೆ ಇಲ್ಲದೆ ಬಲಗೈ ಜೋಮು ಹಿಡಿದು ಸೂಜಿ ಬೆರಳಿಗೆ ಹೊಕ್ಕಿತ್ತು. ಈಗ ಪರವಾಗಿಲ್ಲ."

ಮನೆಗೆ ಬಂದ ಮೇಲೆ ಮೇಷ್ಟ್ರು ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತರು. ಎದುರಿಗೆ ಮೊಳೆಗೆ ಅಳತೆ ಕಾಗದಗಳ ಗೊಂಚಲು ತೂಗುತ್ತಿತ್ತು. ಎಲ್ಲಕ್ಕಿಂತ ಹಿಂದೆ ಹಳದಿ ಬಣ್ಣಕ್ಕೆ ತಿರುಗಿದ ಕಾಲರು. ಅದರ ಮೇಲೆ ನಾಲ್ಕು ಗೆರೆ, ಒಂದು ಅಡ್ಡ, ನಾಲ್ಕು ಗೆರೆ, ಒಂದು ಅಡ್ಡ. ವರ್ಷಗಟ್ಟಲೆ ನೋಡಿಯೂ ನೋಡದ ಹಾಗೆ ಇದ್ದದ್ದು.

ಒಂದೇ ಉಸಿರಿನಲ್ಲಿ ಹೇಳಿದರು. ಹರಿದ ಪುಟ, ಒಂದು ಸಲ ಓಡಿಸಿ ನೋಡಿದ್ದು, ಅಳಿಸಿದ್ದು, ಜೇಬಿನಲ್ಲಿದ್ದ ಕಾಗದ.

ಚಿಕ್ಕಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದವಳು ನಿಲ್ಲಿಸಿದಳು.

"ಅಂದ್ರೆ ಗೊತ್ತಿಲ್ಲದೆ ಆದ ತಪ್ಪಲ್ಲ."

"ಅಲ್ಲ."

"ಗೊತ್ತಿತ್ತು ನಿಂಗೆ."

"ಗೊತ್ತಿತ್ತು ಚಿಕ್ಕಮ್ಮ."

"ನಾನು ನಿಲ್ಲೋದು ಕಂಡು ಹೇಳ್ತಿದ್ದೀಯಾ? ನನಗಿಂತ ಮುಂಚೆ ನಿಂತವರು ಎಷ್ಟು ಜನ ಹೋದ್ರೋ. ಅವರಿಗೆ ಯಾರು ಹೇಳ್ತಾರೆ?"

ಅವಳು ಮತ್ತೆ ದಾರ ಪೋಣಿಸಿ ಹೊಲಿಗೆಗೆ ತೊಡಗಿದಳು. ಬೈದಿದ್ದರೆ ಮೇಷ್ಟ್ರಿಗೆ ಹಗುರಾಗುತ್ತಿತ್ತು.

ಅವತ್ತೇ ಮೇಷ್ಟ್ರು ಸೂಪರಿಂಟೆಂಡೆಂಟರ ಕೋಣೆಗೆ ಹೋಗಿ, ಹಳೇ ಲೆಕ್ಕ ತಪ್ಪು, ತಪ್ಪೆಂದು ತಿಳಿದೇ ಕೊಟ್ಟದ್ದು ಅಂತ ಬರೆದುಕೊಟ್ಟರು. ಅದರ ನಕಲನ್ನು ವಿಶ್ವವಿದ್ಯಾಲಯಕ್ಕೂ, ಪ್ರಬಂಧ ಅಚ್ಚು ಹಾಕಿದ ಪತ್ರಿಕೆಗೂ ಕಳಿಸಿದರು.

ಸೂಪರಿಂಟೆಂಡೆಂಟ್ ಎರಡು ಸಲ ಓದಿದರು. "ಇದೇನ್ಸಾರ್, ನಿವೃತ್ತಿ ಹತ್ತಿರ ಬಂದಾಗ ಕಾಲ ಮೇಲೆ ಕಲ್ಲು ಹಾಕ್ಕೊಳ್ತೀರಾ? ಸರಿ, ಹಾಗಾದ್ರೆ ಎಷ್ಟು ಕಿಟಕಿ? ಗೋಡೆ ಒಂದು ವಾರ ನಿಲ್ಲಿಸಬಲ್ಲೆ, ಅಷ್ಟೇ. ಹೊಸ ಎಣಿಕೆ ಬೇಕು."

ಮೇಷ್ಟ್ರು ಚಿಕ್ಕಮ್ಮನ ಮನೆಗೆ ಬಂದು ವಿಷಯ ಹೇಳಿದರು. ಅವಳು ಒಳಗೆ ಹೋಗಿ ಗೆರೆಯಿಲ್ಲದ ಹೊಸ ಪುಸ್ತಕ ಒಂದನ್ನು ತಂದು ಅವರ ತೊಡೆಯ ಮೇಲೆ ಹಾಕಿದಳು.

"ಈ ಸಲ ನೀನೇ ಎಣಿಸು. ಆರಕ್ಕೆ."

ಮರುದಿನ ಆರಕ್ಕೆ ಐದು ನಿಮಿಷ ಇರುವಾಗ ಮೇಷ್ಟ್ರು ಅದೇ ಕಲ್ಲುಬೆಂಚಿನ ಮೇಲೆ ಕೂತರು. ಕಲ್ಲು ಇಷ್ಟು ತಣ್ಣಗಿರುತ್ತದೆ ಅಂತ ಚಿಕ್ಕಮ್ಮ ಯಾವತ್ತೂ ಹೇಳಿರಲಿಲ್ಲ. ಆಗಲೇ ಎಂಟು ಜನ ನಿಂತಿದ್ದರು. ಎಂಟು ಗೆರೆ ಎಳೆದರು. ಕೋಲಿನವನು ಒಬ್ಬ, ಮಗುವನ್ನು ಹೆಗಲಿಗೆ ಹಾಕಿಕೊಂಡವಳು ಒಬ್ಬಳು, ಕಣ್ಣಿಗೆ ಪಟ್ಟಿ ಕಟ್ಟಿದವನು ಒಬ್ಬ. ಒಬ್ಬೊಬ್ಬರ ಮುಖ ನೋಡಿಯೇ ಗೆರೆ ಎಳೆದರು.

ಐದನೇ ದಿನ ಆರೂವರೆಗೆ ಚಿಕ್ಕಮ್ಮ ಬಂದಳು, ಹಿಂದಿನ ಸಲ ಆಸ್ಪತ್ರೆಯಲ್ಲಿ ಮುಗಿದುಹೋಗಿ ಸಿಗದೆ ಉಳಿದ ಮಾತ್ರೆಗೆ. ಮೇಷ್ಟ್ರು ಎದ್ದು ನಿಂತರು. "ಬಾ ಚಿಕ್ಕಮ್ಮ, ಇಲ್ಲಿ ಕೂತ್ಕೋ, ನಾನು ನಿಲ್ತೀನಿ."

"ಎಣಿಕೆ ತಪ್ಪುತ್ತೆ, ಕೂತ್ಕೋ," ಅಂದು ಅವಳು ನಡೆದುಹೋಗಿ ಸಾಲಿನ ಕೊನೆಯಲ್ಲಿ ನಿಂತಳು.

ಮೇಷ್ಟ್ರು ಕೂತರು. ಅದುವರೆಗೆ ಇಪ್ಪತ್ತಮೂರು ಆಗಿತ್ತು. ಚಿಕ್ಕಮ್ಮನಿಗೆ ಒಂದು ಗೆರೆ ಎಳೆದರು, ನಾಲ್ಕನೆಯದು, ನಿಂತ ಗೆರೆ. ಆಮೇಲೆ ಗೇಟಿನ ಕಡೆ ನೋಡಿದರು, ಮುಂದಿನವರು ಬರುತ್ತಿದ್ದರು.