ಆರು ಮತಗಳ ಸೋಲಿಗೆ ಬಂದ ಬುತ್ತಿ

ಎರಡು ಸಾವಿರ ರೂಪಾಯಿ ಉಳಿಸಲಿಕ್ಕೆ ಹೋಗಿ ನಾನು ನಮ್ಮ ಓಣಿಯ ಚುನಾವಣೆ ಕಳೆದೆ. ಬೆಟಗೇರಿಯ ನಮ್ಮ ವಾರ್ಡಿನಲ್ಲಿ ಅಕ್ಕ ಸೋತದ್ದು ಆರು ಮತಗಳಿಂದ. ಅವತ್ತು ಮತ ಹಾಕದೇ ನನ್ನ ಗಾಡಿಯಲ್ಲಿ ಮುಂಡರಗಿಗೆ ಹೋಗಿದ್ದವರು, ನನ್ನನ್ನೂ ಹಿಡಿದು, ಒಂಬತ್ತು ಮಂದಿ. ಒಂಬತ್ತೂ ಅಕ್ಕನ ಮತಗಳೇ. ಇದಕ್ಕಿಂತ ತುಟ್ಟಿಯಾದ ಸಾಮಾನು ನಾನು ಜನ್ಮದಲ್ಲಿ ಕೊಂಡಿಲ್ಲ.

ನನ್ನದು ಹಳೇ ಮನೆಗಳ ಕಟ್ಟಿಗೆಯ ವ್ಯಾಪಾರ. ಶಿರಹಟ್ಟಿಯಲ್ಲೋ ಲಕ್ಷ್ಮೇಶ್ವರದಲ್ಲೋ ಯಾರಾದರೂ ಹಳೇ ಮನೆ ಕೆಡವುತ್ತಾರೆ ಅಂತ ಖಬರು ಬಂದರೆ ಎಲ್ಲರಿಗಿಂತ ಮೊದಲು ಹೋಗಿ ನಿಲ್ಲುತ್ತೇನೆ. ಬಾಗಿಲು, ಕಿಟಕಿ, ತೊಲೆ, ಕಂಬ ಎಲ್ಲಾ ಕೊಂಡು ತಂದು, ತಿಕ್ಕಿ, ಎಣ್ಣೆ ಹಚ್ಚಿ ಮಾರುತ್ತೇನೆ. ಶುರು ಮಾಡಿದ್ದು ಶಿಗ್ಲಿಯಿಂದ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಂದ ಒಂದೇ ಒಂದು ಕಿಟಕಿಯಿಂದ. ಹೇಳಿದ ರೇಟಿಗೆ ಯಾವತ್ತೂ ಒಪ್ಪಿದವನಲ್ಲ. ಚೌಕಾಸಿ ನನಗೆ ಹೊಟ್ಟೆಪಾಡೂ ಹೌದು, ಚಟವೂ ಹೌದು.

ಅಕ್ಕ ಅಂದರೆ ನನ್ನ ಸ್ವಂತ ಅಕ್ಕ ಅಲ್ಲ, ಇಡೀ ಓಣಿಗೆ ಅಕ್ಕ. ಗಂಡ ತೀರಿದ ಮೇಲೆ ಒಬ್ಬಳೇ ರೊಟ್ಟಿ ಬಡಿದು ಮಾರಲು ಶುರು ಮಾಡಿದವಳು, ಈಗ ಹನ್ನೆರಡು ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟಿದ್ದಾಳೆ. ಅವಳು ನಿಂತದ್ದು ನೀರಿನ ಸಲುವಾಗಿ. ನಮ್ಮ ಓಣಿಗೆ ನೀರು ಎಂಟು ದಿನಕ್ಕೋ ಹತ್ತು ದಿನಕ್ಕೋ ಒಮ್ಮೆ ಬರುತ್ತಿತ್ತು. ಅದನ್ನಾದರೂ ತಡೆದುಕೊಳ್ಳಬಹುದು, ಆದರೆ ಯಾವತ್ತು ಬರುತ್ತದೆ ಅಂತ ಯಾರಿಗೂ ಗೊತ್ತಿರುತ್ತಿರಲಿಲ್ಲ. ಇವತ್ತು ಬಂದೀತು ಅಂತ ಹೆಣ್ಣುಮಕ್ಕಳು ಕೂಲಿ ಬಿಟ್ಟು ನಳದ ಮುಂದೆ ಕೂರುವುದು, ಬರದಿದ್ದರೆ ನಾಳೆಯೂ ಕೂರುವುದು. ಅಕ್ಕ ಗೆದ್ದರೆ ಇದೊಂದು ಮುಗಿಯುತ್ತದೆ ಅಂತ ಓಣಿಗೆ ಓಣಿಯೇ ಮನೆಮನೆ ತಿರುಗಿತ್ತು.

ಮತದಾನದ ಮುಂಜಾನೆ ಮುಂಡರಗಿಯಿಂದ ಫೋನು. ಮನೆ ಕೆಡವಿ ಆಗಿದೆ, ಇವತ್ತೇ ಎತ್ತಿದರೆ ಎರಡು ಸಾವಿರ ಕಡಿಮೆ, ನಾಳೆ ಹುಬ್ಬಳ್ಳಿಯ ವ್ಯಾಪಾರಿಗಳು ಬರುತ್ತಾರೆ. ನಾನು ಓಣಿಯ ಹಮಾಲರನ್ನು ಕರೆದೆ.

"ಕಾಕಾ, ವೋಟ್ ಹಾಕೇ ಹೋಗೂಣಲ್ರಿ," ಅಂದ ಅವರಲ್ಲಿ ಹಿರಿಯ.

"ಪಾಳಿ ನೋಡಿಯೇನ್ಲೇ ಎಷ್ಟ್ ಉದ್ದ ಐತಿ? ಮಧ್ಯಾನಕ್ಕ ವಾಪಸ್ ಬರ್ತೀವಿ. ಆಗ ಸಾಲು ಖಾಲಿ, ಆರಾಮ ಹಾಕ್ರಿ."

ಮಧ್ಯಾಹ್ನಕ್ಕೆ ಮಾಲು ಹೇರಿ ಆಗಿತ್ತು ಕೂಡ. ಹೊರಡಬೇಕು ಅನ್ನುವಾಗ ಮೂಲೆಯಲ್ಲಿ ಬಿದ್ದಿದ್ದ ಸಾಗವಾನಿ ಹೊಸ್ತಿಲೊಂದು ಕಣ್ಣಿಗೆ ಬಿತ್ತು. ಮನೆಯ ಯಜಮಾನ ಅದನ್ನು ಬೇರೆ ಲೆಕ್ಕಕ್ಕೆ ಹಿಡಿದ. ನಾನು ಇದರಲ್ಲೇ ಬರಬೇಕು ಅಂದೆ. ಅವನು ಆಗೋದಿಲ್ಲ ಅಂದ. ನಾನು ಎದ್ದು ಹೋದಂತೆ ಮಾಡಿದೆ, ಅವನು ಕರೆಯಲಿಲ್ಲ, ನಾನೇ ತಿರುಗಿ ಬಂದೆ. ಅವನು ಚಹಾ ತರಿಸಿದ. ಹೀಗೇ ಎರಡು ತಾಸು. ಗಾಡಿಯ ಮೇಲೆ ಕೂತ ಹಮಾಲರು "ಕಾಕಾ, ನಡೀರಿ, ಜಲ್ದಿ" ಅಂತ ಕೂಗಿದ್ದು ಕೇಳಿಸಿತು. ಕೇಳಿಸದವನಂತೆ ಕೂತೆ. ಹೊಸ್ತಿಲು ನನ್ನ ಮಾತಿಗೇ ಬಂತು. ಭಾರದ ಗಾಡಿ ಬೆಟಗೇರಿ ಮುಟ್ಟುವಾಗ ಐದೂವರೆ. ಮತದಾನ ಐದಕ್ಕೇ ಮುಗಿದು ಶಾಲೆಯ ಗೇಟು ಮುಚ್ಚಿತ್ತು.

ಎಣಿಕೆಯ ದಿನ ಆರು ಮತ ಅಂತ ಕೇಳಿದಾಗ ನಾನು ಬೆರಳು ಮಡಚಿ ಗಾಡಿಯಲ್ಲಿದ್ದವರನ್ನು ಎಣಿಸಿದೆ: ಒಂಬತ್ತು.

ಅಕ್ಕ ಅಳಲಿಲ್ಲ. ಮನೆಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು ಒಳಗೇ ಕೂತಳು. ಮುಂಜಾನೆ ಐದಕ್ಕೆ ರೊಟ್ಟಿ ಬಡಿಯುವ ಸಪ್ಪಳದಿಂದಲೇ ಏಳುತ್ತಿದ್ದ ಓಣಿಗೆ ಮರುದಿನ ಎಚ್ಚರವೇ ತಡವಾಗಿ ಆಯಿತು. ಒಲೆ ಹಚ್ಚಿರಲಿಲ್ಲ. ಹನ್ನೆರಡು ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರು. ಯಾರೂ ಯಾರಿಗೂ "ಚಹಾ ಆತೇನ್ರಿ" ಅಂತ ಕೂಡ ಕೇಳುತ್ತಿರಲಿಲ್ಲ. ಆಮೇಲೆ ಶುರುವಾಯಿತು: ಆರು ಮತ ಯಾರು ಕೈ ಕೊಟ್ಟರು?

ಓಣಿಯ ತುದಿಗೆ ಹೊಲಿಗೆ ಅಂಗಡಿಯ ಚಾಚಾ ಇದ್ದಾರೆ. ಅವರ ಮನೆಯಲ್ಲಿ ಮತಗಳು ಸರಿಯಾಗಿ ಆರು. ಗೆದ್ದವರ ಧ್ವಜಗಳನ್ನು ಕೂಲಿಗೆ ಹೊಲಿದುಕೊಟ್ಟವರೂ ಅವರೇ. ಅಷ್ಟು ಸಾಕಾಯಿತು.

"ಹೊಲಿಯೋ ಮುಂದ ಕೈ ಅವರ ಕಡೆ, ಒತ್ತೋ ಮುಂದ ನಮ್ಮ ಕಡೆ ಹೆಂಗ ಬಂದೀತು?" ಅಂತ ಒಬ್ಬರು ಅವರಿಗೆ ಕೇಳುವಂತೆಯೇ ಅಂದರು. ಚಾಚಾ ಮಶೀನು ತುಳಿಯುವುದು ನಿಲ್ಲಿಸಿ, ಮತ್ತೆ ತುಳಿದರು. ಅವರ ಹೆಂಡತಿ ಅಕ್ಕನ ಹತ್ತಿರವೇ ರೊಟ್ಟಿ ಬಡಿಯುವವರು. ಅವರು ಕಟ್ಟೆಗೆ ಬರುವುದು ಬಿಟ್ಟರು. ಎರಡನೇ ದಿನಕ್ಕೆ ಕಳಸಾಪುರದ ಕಡೆ ಬಾಡಿಗೆ ಮನೆ ನೋಡುತ್ತಿದ್ದಾರೆ ಅಂತ ಸುದ್ದಿ ಬಂತು.

ಮತ ಹಾಕಿದವರ ಬೆರಳಿಗೆ ಶಾಯಿ ಇರುತ್ತದಲ್ಲ, ನಮ್ಮ ಒಂಬತ್ತು ಮಂದಿಗೆ ಅದರದೇ ಚಿಂತೆ. ಒಬ್ಬ ಬೆರಳಿಗೆ ಅರಿವೆ ಸುತ್ತಿಕೊಂಡು ಮೊಳೆ ಚುಚ್ಚಿದೆ ಅಂತ ಹೇಳುತ್ತಿದ್ದ. ನಾನು ಕೈ ಕಿಸೆಯಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದೆ. ಹಮಾಲರು ಬಾಯಿ ಬಿಡಲಿಲ್ಲ. ಅವರಿಗೆ ನಾನು ಕೆಲಸ ಕೊಡುವವನು. ನಾನು ಯಾಕೆ ಬಾಯಿ ಬಿಡಲಿಲ್ಲ ಅಂದರೆ, ಖರೆ ಹೇಳುತ್ತೇನೆ, ಅಂಜಿಕೆ.

ಮೂರನೇ ದಿನ ಓಣಿಯ ಎಲ್ಲರಿಗಿಂತ ಹಿರಿಯ ಆಯಿ ತಲೆಯ ಮೇಲೆ ಬುತ್ತಿ ಹೊತ್ತುಕೊಂಡು ಅಕ್ಕನ ಮನೆಗೆ ಹೊರಟಳು. ನಮ್ಮಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು, ಬೀಗರು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಹೋದವರು ಕೊಟ್ಟು ಬರುವಂತಿಲ್ಲ. ಕೂತು, ಆ ಮನೆಯವರ ಜೊತೆ ಉಂಡೇ ಏಳಬೇಕು.

"ಏ ಆಯಿ, ಯಾರರ ಸತ್ತಾರಂತ ತಿಳಿದಿಯೇನಬೇ?" ಅಂತ ಒಬ್ಬಳು ನಕ್ಕಳು.

"ಒಲಿ ಆರೇತಿ ಅಂದ ಮ್ಯಾಲ ಬುತ್ತಿ ಒಯ್ಯೂದು. ಯಾರು ಸತ್ತಾರ ಅಂತ ಕೇಳ್ಕೋತ ಕುಂದರ್ತೀಯೇನು? ನಿನ್ನ ಮನ್ಯಾಗ ಏನೈತಿ, ತಗೊಂಡು ನಡಿ."

ನಕ್ಕವಳೂ ಡಬ್ಬಿ ಹಿಡಿದು ಹೋದಳು. ಅವಳ ಹಿಂದೆ ಇನ್ನೊಬ್ಬಳು. ಒಂದು ತಾಸಿನಲ್ಲಿ ಅಕ್ಕನ ಪಡಸಾಲೆಯಲ್ಲಿ ಜಾಗ ಇರಲಿಲ್ಲ. ಝುಣಕ, ಪುಂಡಿಪಲ್ಯ, ಮೊಸರನ್ನ. ಮೊದಲಿಂದಲೂ ಗೆದ್ದವರ ಕಡೆಯೇ ಇದ್ದ ಎರಡು ಮನೆಯವರೂ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಆಯಿ ಅವರನ್ನೂ ಒಳಗೆ ಕರೆದಳು. ಹೊಲಿಗೆ ಅಂಗಡಿಗೆ ತಾನೇ ಹೋಗಿ ಚಾಚಾ, ಅವರ ಹೆಂಡತಿ ಇಬ್ಬರನ್ನೂ ಬುತ್ತಿ ಸಮೇತ ಎಬ್ಬಿಸಿಕೊಂಡು ಬಂದಳು. ಅವರಿಗೆ ಕೂರಲು ಯಾರೂ ಸರಿದು ಜಾಗ ಕೊಡಲಿಲ್ಲ.

ಮೂಲೆಯಲ್ಲಿ ಬಂದು ನಿಂತಿದ್ದ ನನಗೆ ಆ ಒಂದು ಗಳಿಗೆ ತಡೆಯಲಾಗಲಿಲ್ಲ. ಕಿಸೆಯಿಂದ ಕೈ ತೆಗೆದೆ. ಎಡಗೈ ಬೆರಳು ಎತ್ತಿ ಹಿಡಿದೆ.

"ನೋಡ್ರಿ, ಶಾಯಿ ಇಲ್ಲ. ನಾ ವೋಟ್ ಹಾಕಿಲ್ಲ. ಎಂಟ್ ಮಂದಿ ಹಮಾಲರನ್ನೂ ನಾನೇ ಕರಕೊಂಡ್ ಹೋಗಿದ್ದೆ. ಅವರು ಜಲ್ದಿ ಹೋಗೂಣು ಅಂದ್ರು, ನಾ ಒಂದು ಹೊಸ್ತಿಲಕ್ಕ ಜಗ್ಗ್ಯಾಡ್ಕೋತ ಕುಂತೆ. ಚಾಚಾಂದು ತಪ್ಪಿಲ್ಲ."

ಯಾರೋ ಬೈದರು. ಚೆನ್ನಾಗಿಯೇ ಬೈದರು, ಬರೆಯುವಂಥ ಮಾತಲ್ಲ. ಅಕ್ಕ ಬೈಯುವವರನ್ನು ಕೈಸನ್ನೆಯಿಂದ ತಡೆದಳು.

"ಹೊಸ್ತಿಲಾ ಎಷ್ಟಕ್ಕ ಇಳೀತು?"

"ಪುಕ್ಕಟೆ ಬಂತಕ್ಕಾ."

"ಮೂರು ತಿಂಗಳು ಮನಿಮನಿ ತಿರಿಗೇನಿ ತಮ್ಮಾ," ಅಂದಳು. ಆಮೇಲೆ ಧ್ವನಿ ಸ್ವಲ್ಪ ಇಳಿಸಿ, "ಅಷ್ಟ್ ಚೆಂದ ಜಗ್ಗ್ಯಾಡಾಕ ಬರತೈತಿ ಅಂದ್ರ ನಡಿ, ಗೆದ್ದ ಮೆಂಬರ್ ಹತ್ರ ನೀರಿಗೆ ಜಗ್ಗ್ಯಾಡು. ಗೆದ್ದಿದ್ರ ನಾ ಮಾಡ್ತಿದ್ದೆ. ಸೋತೇನಂತ ಹೆಣ್ಮಕ್ಕಳು ನಳದ ಮುಂದ ಕುಂತಿರಬೇಕೇನು?"

ಅಷ್ಟು ಹೇಳಿ ಚಾಚಾನ ಹೆಂಡತಿಯ ಕೈ ಹಿಡಿದು ತನ್ನ ಪಕ್ಕಕ್ಕೆ ಕೂರಿಸಿಕೊಂಡಳು. ಮೊದಲ ತುತ್ತು ಅವರ ಬುತ್ತಿಯಿಂದಲೇ ಉಂಡಳು. ಚಾಚಾನನ್ನು ಆಡಿಕೊಂಡಿದ್ದವರು ತಾವಾಗೇ ಸರಿದು ಕೂತರು. ಕ್ಷಮೆ ಅಂತ ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಆದರೆ ಆ ಮಧ್ಯಾಹ್ನ ಚಾಚಾನ ತಾಟಿಗೆ ನಾಲ್ಕು ಮನೆಯ ಪಲ್ಯ ಬಿತ್ತು. ಸಂಜೆ ಅಕ್ಕನ ಒಲೆ ಹತ್ತಿತು.

ಮೆಂಬರ್ ಹತ್ತಿರ ಹೋಗುವ ಮೊದಲು ಬೇಡಿಕೆ ಏನೇನು ಅಂತ ಕೂತು ಮಾತಾಡಿದೆವು. ಗಟಾರ, ಲೈಟು, ರಸ್ತೆ, ಏಳು ಬಂದವು. ನಾನು ಆರನ್ನು ತೆಗೆಸಿದೆ. ಏಳು ಕೇಳಿದರೆ ಎದುರಿನವನು ತನಗೆ ಹಗುರಾದದ್ದನ್ನು ಕೊಟ್ಟು ಮುಗಿಸುತ್ತಾನೆ. ನಾವು ಒಂದೇ ಕೇಳುವುದು ಅಂತ ಆಯಿತು: ನೀರು ಬಿಡುವ ಹಿಂದಿನ ದಿನ ಓಣಿಗೆ ಒಂದು ಫೋನು. ಖರ್ಚಿಲ್ಲದ ಕೆಲಸ, ಇಲ್ಲ ಅನ್ನಲಿಕ್ಕೆ ಬಾಯಿ ಬರುವುದಿಲ್ಲ.

ಮೆಂಬರ್ ನಮ್ಮನ್ನು ಕಂಡು ಜಗಳಕ್ಕೆ ಬಂದರು ಅಂತಲೇ ತಿಳಿದು ಎದ್ದು ನಿಂತ. ನಾನು ಬಾಯಿ ತೆರೆಯುವ ಮೊದಲೇ ಚಾಚಾ ಮುಂದೆ ಹೋದರು.

"ಮೆಂಬರ್ರ, ನಿಮ್ಮ ಧ್ವಜ ಹೊಲಿದದ್ದಕ್ಕ ಓಣ್ಯಾಗ ಮೂರು ದಿನ ಬೈಸಿಕೊಂಡೇನಿ. ಹೊಲಿದ ಕೂಲಿ ಮುಟ್ಟೇತಿ. ಬೈಸಿಕೊಂಡ ಕೂಲಿ ಬಾಕಿ ಐತ್ರಿ."

ಆತ ನಕ್ಕುಬಿಟ್ಟ. ಅಕ್ಕನೂ ನಕ್ಕಳು, ಸೋತ ಮೇಲೆ ಮೊದಲ ಸಲ. ಫೋನಿನ ಮಾತು ಎತ್ತಿದ ಕೂಡಲೇ ಮೆಂಬರ್ ಒಪ್ಪಿದ, ನಾನು ಚೌಕಾಸಿ ಮಾಡುವ ಪ್ರಸಂಗವೇ ಬರಲಿಲ್ಲ. ಮುಂದಿನ ವಾರದಿಂದ ಹಿಂದಿನ ದಿನವೇ ಫೋನು ಬರುತ್ತಿದೆ. ಎರಡು ಸಲ ತಪ್ಪಿತು, ಎರಡೂ ಸಲ ಹೋಗಿ ಕೇಳಿದೆವು. ಫೋನು ಬಂದ ಕೂಡಲೇ ಚಾಚಾ ಅಂಗಡಿಯ ಬಾಗಿಲ ಮೇಲೆ ಸೀಮೆಸುಣ್ಣದಿಂದ "ನಾಳೆ ನೀರು" ಅಂತ ಬರೆಯುತ್ತಾರೆ. ಉಳಿದ ದಿನ ಹೆಣ್ಣುಮಕ್ಕಳು ನಿಶ್ಚಿಂತೆಯಿಂದ ಕೂಲಿಗೆ ಹೋಗುತ್ತಾರೆ. ಕಳಸಾಪುರದ ಬಾಡಿಗೆ ಮನೆಯ ಮಾತು ಮತ್ತೆ ಬರಲಿಲ್ಲ. ಈಗ ತಿಂಗಳಿಗೊಮ್ಮೆ ಅಕ್ಕನ ಪಡಸಾಲೆಯಲ್ಲಿ ಕೂಡುತ್ತೇವೆ. ಅವರಿಗೆ ಮತ ಹಾಕಿದವರು, ಇವರಿಗೆ ಹಾಕಿದವರು, ಯಾರಿಗೂ ಹಾಕದ ನಾನು. ಗಟಾರದ ಅರ್ಜಿ ಬರೆದಾಗಿದೆ.

ನಿಮಗೂ ಇಂಥ ಸೋಲು ಬಂದೀತು, ಅದಕ್ಕೆ ಹೇಳುತ್ತೇನೆ ಕೇಳಿರಿ. ಮತದಾನದ ದಿನ ಬಂಗಾರ ಅರ್ಧ ರೇಟಿಗೆ ಕೊಡುತ್ತೇನೆ ಅಂದರೂ ಮೊದಲು ಸಾಲಿನಲ್ಲಿ ನಿಲ್ಲಿರಿ, ನಿಮ್ಮ ಕೈಕೆಳಗೆ ದುಡಿಯುವವರನ್ನು ನಿಮಗಿಂತ ಮುಂದೆ ನಿಲ್ಲಿಸಿರಿ. ಸೋತರೆ ಒಬ್ಬೊಬ್ಬರೇ ಮನೆ ಸೇರಬೇಡಿರಿ, ಮೂರು ದಿನದೊಳಗೆ ಎಲ್ಲರೂ ಒಂದೇ ಕಡೆ ಕೂತು ಉಣ್ಣಿರಿ. ತಪ್ಪು ನಿಮ್ಮದಿದ್ದರೆ ಬೇರೆಯವರ ಮೇಲೆ ಬೀಳುವ ಮೊದಲೇ ಹೇಳಿಬಿಡಿರಿ. ನಾನು ಮೂರು ದಿನ ತಡ ಮಾಡಿದೆ, ಒಂದು ಮನೆ ಓಣಿ ಬಿಡುವುದರಲ್ಲಿತ್ತು. ಆಮೇಲೆ ಗೆದ್ದವರ ಬಾಗಿಲಿಗೆ ಹೋಗಿರಿ, ನಾಚಬೇಡಿರಿ. ಅವರು ನಿಮಗೂ ಮೆಂಬರೇ. ಒಂದೇ ಬೇಡಿಕೆ ಒಯ್ಯಿರಿ, ಅವರ ಪರಿಚಯದವರೊಬ್ಬರನ್ನು ಮುಂದೆ ಮಾಡಿರಿ. ಅದು ಕೈಗೆ ಬಂದ ಮೇಲೆ ಎರಡನೆಯದನ್ನು ಮುಂದಿಡಿರಿ.