ನಕಾಶೆಯಲ್ಲಿ ಖಾಲಿ ಬಿಟ್ಟ ಜಾಗ

ಎಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಧಾರವಾಡದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಸುತ್ತಲಿನ ಊರುಗಳು ಮುಂದೆ ಹೇಗೆ ಬೆಳೆಯಬೇಕು, ಎಲ್ಲಿ ರಸ್ತೆ, ಎಲ್ಲಿ ಮನೆ, ಎಲ್ಲಿ ಸಂತೆಯ ಬಯಲು ಎಂದು ನಕಾಶೆ ತಯಾರಿಸುವ ಕಚೇರಿ ಅದು. ನಕಾಶೆ ಬರೆಯುವವರು ಬೇರೆ. ಅದನ್ನು ಹಳ್ಳಿಗೆ ಒಯ್ದು, ಶಾಲೆಯ ಗೋಡೆಗೆ ತೂಗುಹಾಕಿ ಜನರ ಅಹವಾಲು ಕೇಳುತ್ತಿದ್ದರಲ್ಲ, ಆಗ ಅವರು ಹೇಳಿದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸ.

ಮನೆ ಕುಂದಗೋಳದಲ್ಲಿ. ದಿನಾ ಬೆಳಿಗ್ಗೆ ರೈಲು ಹಿಡಿದು ಹುಬ್ಬಳ್ಳಿ, ಅಲ್ಲಿಂದ ಬಸ್ಸಿನಲ್ಲಿ ಧಾರವಾಡ. ಹಳ್ಳಿಗೆ ಹೋಗುವ ದಿನ ಮಾತ್ರ ಹುಬ್ಬಳ್ಳಿ ಸ್ಟೇಷನ್ನಿನ ಹೊರಗೆ ಕಚೇರಿಯ ಜೀಪು ನಿಂತಿರುತ್ತಿತ್ತು. ಅಂಥ ದಿನ ನಾನು ಬೆಳಿಗ್ಗೆಯಿಂದ ನೀರು ಕುಡಿಯುತ್ತಿರಲಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ. ಜೀಪಿನಲ್ಲಿ ಗಂಡಸರು ನಾಲ್ಕು ಜನ, ನಾನೊಬ್ಬಳು. ಅವರು ಎಲ್ಲಿ ಬೇಕಾದರೂ ನಿಲ್ಲಿಸಿ ಗಿಡದ ಮರೆಗೆ ಹೋಗಿಬರುತ್ತಿದ್ದರು. ನಾನು ನಿಲ್ಲಿಸಿರಿ ಎನ್ನುವಂತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಲೆನೋವು ಬರುತ್ತಿತ್ತು, ಬಾಯಿ ಒಣಗುತ್ತಿತ್ತು. ಅಭ್ಯಾಸವಾಗಿಬಿಟ್ಟಿತ್ತು.

ಕಲಘಟಗಿ ತಾಲೂಕಿನಲ್ಲಿ, ಬಮ್ಮಿಗಟ್ಟಿಯಿಂದ ಇನ್ನೂ ಒಳಗೆ ಒಂದು ಊರು. ಅದರ ಅಂಚಿಗೆ ಒಂದು ವಿಶ್ವವಿದ್ಯಾಲಯದ ಹೊಸ ಆವರಣ ಬರುವುದಿತ್ತು. ಪಾಠದ ಕಟ್ಟಡಗಳು, ವಸತಿಗೃಹ, ಪ್ರಯೋಗದ ಹೊಲಗಳು. ಅದರ ನೆಪದಲ್ಲಿ ಸುತ್ತಲಿನ ಏಳೆಂಟು ಹಳ್ಳಿಗಳಿಗೂ ಸೇರಿಸಿ ಒಂದು ಬೆಳವಣಿಗೆಯ ಯೋಜನೆ ಸಿದ್ಧವಾಗಿತ್ತು. ನಕಾಶೆಯಲ್ಲಿ ಆವರಣಕ್ಕೆ ನೀಲಿ ಬಣ್ಣ, ಮನೆಗಳಿಗೆ ಹಳದಿ, ಹೊಲ, ತೋಪು, ಬಯಲುಗಳಿಗೆ ಹಸಿರು. ನೀಲಿ ಗೆರೆ ಊರಿನ ಹಿಂದಿನ ಗಾಯರಾಣವನ್ನೂ ಒಳಗೆ ಹಾಕಿಕೊಂಡಿತ್ತು. ದನ ಮೇಯಲು ಊರಿಗೆಂದು ಬಿಟ್ಟ ಸರಕಾರಿ ಹುಲ್ಲುಗಾವಲು ಅದು. ಹಳೆಯ ನಕಾಶೆಯಲ್ಲಿ ಅಲ್ಲಿ ಬಣ್ಣವೇ ಇರಲಿಲ್ಲ. ‘ಖಾಲಿ’ ಎಂದು ಸಣ್ಣಕ್ಷರದಲ್ಲಿ ಬರೆದಿದ್ದರು.

ಮೊದಲ ಸಭೆಗೆ ಗಂಡಸರು ಬಹಳ ಜನ ಸೇರಿದ್ದರು. ಪಂಚಾಯತಿಯ ಚೇರ್ಮನ್ನರು ಬಿಳಿ ಟೊಪ್ಪಿಗೆ ಹಾಕಿಕೊಂಡು ಮುಂದೆ ಕೂತಿದ್ದರು. ವಿಶ್ವವಿದ್ಯಾಲಯದಿಂದ ಬಂದ ಪ್ರಾಧ್ಯಾಪಕರು ಕೋಲು ಹಿಡಿದು ನಕಾಶೆ ತೋರಿಸಿದರು. ಅವರ ಪುಸ್ತಕದ ಕನ್ನಡ ಅರ್ಧ ಜನಕ್ಕೆ ತಿಳಿಯಲಿಲ್ಲ. ಜನ ಕೇಳಿದ್ದು ಬಸ್ಸು, ನೌಕರಿ, ಚಕ್ಕಡಿ ಹೋಗುವ ಹಾದಿ. ದನಗಳಿಗೆ ಬೇರೆ ಕಡೆ ಹುಲ್ಲುಗಾವಲು ಕೊಡುತ್ತೇವೆ ಎಂದು ನಮ್ಮ ಸಾಹೇಬರು ಹೇಳಿದ ಮೇಲೆ ಗಾಯರಾಣದ ಮಾತು ಅಲ್ಲಿಗೇ ನಿಂತಿತು. ನಾನು ಎಲ್ಲವನ್ನೂ ಬರೆದುಕೊಂಡೆ. ಸಭೆಯಲ್ಲಿ ಹೆಂಗಸು ಎಂದರೆ ನಾನೊಬ್ಬಳೇ.

ಸಭೆ ಮುಗಿದು ಅವರೆಲ್ಲ ಚಹಾಕ್ಕೆ ಕೂತಾಗ ನನಗೆ ತಡೆಯಲಾಗಲಿಲ್ಲ. ಶಾಲೆಯ ಬಾಜು ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಅವರೆ ಸುಲಿಯುತ್ತ ಕೂತಿದ್ದಳು. ಹತ್ತಿರ ಹೋಗಿ ನಿಂತೆ. ಹೇಗೆ ಕೇಳಬೇಕೋ ತಿಳಿಯಲಿಲ್ಲ. ಆಕೆಯೇ ಎದ್ದಳು.

“ಬಾ ತಂಗೀ, ನಾಚಿಗೊಬ್ಯಾಡ. ನಿನ್ನ ಮಾರಿ ನೋಡಿದ್ರ ತಿಳಿತೈತಿ,” ಎಂದು ಒಳಗಿನಿಂದ ಚರಗಿಯಲ್ಲಿ ನೀರು ತಂದು ಕೈಗೆ ಕೊಟ್ಟಳು.

ಆಕೆ ನನ್ನನ್ನು ಕರೆದುಕೊಂಡು ಹೋದದ್ದು ಗಾಯರಾಣಕ್ಕೆ. ಕಳ್ಳಿಯ ಸಾಲು, ಅದರಾಚೆ ಸಣ್ಣ ತಗ್ಗು, ತಗ್ಗಿನ ತುಂಬ ಲಾಂಟಾನ. ರಸ್ತೆಯಿಂದ ಯಾರಿಗೂ ಕಾಣದ ಜಾಗ. ಆಕೆ ಸಾಲಿನ ಈಚೆ ಬೆನ್ನು ತಿರುಗಿಸಿ ಕಾವಲು ನಿಂತಳು. ನಾನು ಎದ್ದು ಬಂದಾಗ ಸುಣ್ಣ ಬಳಿದ ಒಂದು ಹೊಸ ಕಲ್ಲನ್ನು ಕಾಲಿನಿಂದ ಮುಟ್ಟಿ ನೋಡುತ್ತಿದ್ದಳು.

“ಈ ಕಲ್ಲು ಯಾಕ ನಟ್ಟಾರ ತಂಗಿ? ಮೊನ್ನಿ ಬಂದು ಸರಪಳಿ ಹಿಡದು ಅಳದು ಹೋದ್ರು.”

“ಇಲ್ಲಿ ಕಂಪೌಂಡ ಗ್ವಾಡಿ ಬರ್ತೈತಿ ಆಯಿ. ಒಳಗ ಯುನಿವರ್ಸಿಟಿ ಆಗ್ತೈತಿ.”

“ಆಗಲಿ, ಚಲೋ ಆತು. ಮತ್ತ ಊರ ಹೆಣಮಕ್ಕಳು ಎಲ್ಲಿ ಹೋಗೂಣು?”

ನಾನು ಸುತ್ತ ನೋಡಿದೆ. ಒಂದು ಕಡೆ ಲಾರಿ ಓಡಾಡುವ ರಸ್ತೆ. ಇನ್ನೊಂದು ಕಡೆ ಕುಡಿಯುವ ನೀರಿನ ಕೆರೆ. ಮತ್ತೊಂದು ಕಡೆ ಬೆಳೆ ನಿಂತ ಗದ್ದೆಗಳು. ಅಲ್ಲಿ ಕಾಲಿಟ್ಟರೆ ಮಾಲೀಕರು ಬೈಯುತ್ತಾರಂತೆ. ಊರಿನ ಯಾವ ಮನೆಯಲ್ಲೂ ಪಾಯಖಾನೆ ಇರಲಿಲ್ಲ, ಚೇರ್ಮನ್ನರ ಮನೆಯಲ್ಲಿ ಕೂಡ. ನೂರಾರು ಹೆಂಗಸರು ನಸುಕಿನಲ್ಲಿ ಚರಗಿ ಹಿಡಿದು ಬರುವ ಜಾಗ ನಮ್ಮ ಕಚೇರಿಯ ಕಾಗದದಲ್ಲಿ ಖಾಲಿ ಇತ್ತು.

“ಮುಂದಿನ ಸಭಾಕ್ಕ ಬಂದು ಇದನ್ನ ಹೇಳ್ರಿ ಆಯಿ,” ಎಂದೆ.

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ಗಂಡಸರ ಮುಂದ ಇದನ್ನ ಹೆಂಗ ಹೇಳೂದ ಬೇ? ಬರಿಯಾಕಿ ನೀ ಅದೀಯಲ್ಲ, ನೀನ ಬರಿ.”

ಬರೆದೆ. ಮರುದಿನ ಕಚೇರಿಯಲ್ಲಿ ಸಾಹೇಬರು ನನ್ನ ಕರಡು ಓದುತ್ತ ಆ ಸಾಲಿಗೆ ಬಂದು ನಿಂತರು. ನಿವೃತ್ತಿಗೆ ಹತ್ತಿರ ಬಂದ ಮನುಷ್ಯ, ಕೆಟ್ಟವರಲ್ಲ. ಯಾರಿಗೂ ದನಿ ಎತ್ತರಿಸಿ ಮಾತಾಡಿದವರಲ್ಲ.

“ಯಾರು ಹೇಳ್ಯಾರ ಇದನ್ನ?”

“ಒಬ್ಬ ಆಯಿ ಹೇಳಿದ್ರಿ ಸರ್.”

“ಸಭಾದಾಗ?”

“ಇಲ್ರಿ. ಸಭಾ ಮುಗದ ಮ್ಯಾಲೆ.”

ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. “ಹಂಗ ಬರಿಯಾಕ ಬರೂದಿಲ್ಲವ್ವಾ. ನಾಳೆ ಯಾರರ ಕೇಳಿದ್ರ ನಾ ಏನ್ ಹೇಳ್ಲಿ? ಆಕೀಗೆ ಸಭಾದಾಗ ಎದ್ದು ಹೇಳಂತ ಹೇಳ್ರಿ. ಹೇಳಿದ್ರ ನೀವು ಬರೀರಿ, ನಾ ಸಹಿ ಮಾಡ್ತೀನಿ.” ಕೆಂಪು ಪೆನ್ನಿನಿಂದ ಆ ಸಾಲನ್ನು ಹೊಡೆದರು.

ಎರಡನೆಯ ಸಭೆ ಮಳೆಗಾಲದಲ್ಲಿ. ಜೀಪು ಇಳಿದವಳೇ ನಾನು ಆ ಆಯಿಯ ಮನೆಗೆ ಹೋಗಿ ಸಾಹೇಬರ ಮಾತು ತಿಳಿಸಿದೆ. ಆಕೆ ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಹೊಲಗಳ ಕಡೆ ನಡೆದಳು. ಒಂದು ತಾಸಿನೊಳಗೆ ಐದು ಮಂದಿ ಹೆಂಗಸರು ಕೈಯ ಕೆಸರನ್ನೂ ಪೂರ್ತಿ ತೊಳೆಯದೆ ಬಂದು ಶಾಲೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತರು. ಒಬ್ಬಳು ಆಕೆಯ ಸೊಸೆ.

ಅಂದು ವಿಶ್ವವಿದ್ಯಾಲಯದವರು ಬರಲಿಲ್ಲ. ಹಳ್ಳ ಬಂದು ರಸ್ತೆ ಕಟ್ಟಿದೆಯೆಂದು ಒಬ್ಬರೆಂದರು, ಅವರಿಗೆ ಬೆಂಗಳೂರಿನಲ್ಲಿ ಬೇರೆ ಸಭೆ ಇದೆಯೆಂದು ಇನ್ನೊಬ್ಬರು. ಮೂರು ಗಂಟೆಯವರೆಗೆ ಕಾದು ಸಾಹೇಬರು ಸಭೆಯನ್ನು ಮುಂದೂಡಿದರು. ಹೆಂಗಸರು ಎದ್ದು ಸೀರೆ ಝಾಡಿಸಿಕೊಂಡರು.

“ಕಳೆ ತಗಿಯೂದು ಅರ್ಧಕ್ಕ ಬಿಟ್ಟು ಬಂದಿದ್ವಿ,” ಎಂದಳು ಒಬ್ಬಳು. ಸಿಟ್ಟಿನಿಂದಲ್ಲ, ಸುಮ್ಮನೆ ಹೇಳಿದಳು. ನಾನು ರಜಿಸ್ಟರಿನಲ್ಲಿ ‘ಸಭೆ ಮುಂದೂಡಲಾಯಿತು’ ಎಂದು ಬರೆದೆ. ಅವರು ಬಂದದ್ದನ್ನು ಬರೆಯಲು ಅದರಲ್ಲಿ ಅಂಕಣ ಇರಲಿಲ್ಲ.

ಮೂರನೆಯ ಸಭೆಗೆ ಆ ಆಯಿ ಒಬ್ಬಳೇ ಬಂದಳು. ಉಳಿದವರು ಮತ್ತೆ ಕೆಲಸ ಬಿಟ್ಟು ಬರಲು ಒಪ್ಪಿರಲಿಲ್ಲ. ನನಗೂ ಬರಬಾರದಿತ್ತು ಎನ್ನಿಸಿತ್ತು, ಹಿಂದಿನ ರಾತ್ರಿಯಿಂದ ಮೈ ಬಿಸಿಯಿತ್ತು. ಬಸ್ ಸ್ಟ್ಯಾಂಡ್ ಎಲ್ಲಿ ಬರಬೇಕೆಂದು ಎರಡು ಓಣಿಯವರು ಒಂದು ತಾಸು ಜಗಳಾಡಿದರು. ಸಾಹೇಬರು ಗಡಿಯಾರ ನೋಡಿ “ಮತ್ತೇನರ ಐತೇನ್ರಿ?” ಎಂದು ಕೇಳುವಾಗಲೇ ಅವರ ಕೈ ಫೈಲಿನ ದಾರ ಕಟ್ಟುತ್ತಿತ್ತು.

ಆಯಿ ಬಾಗಿಲಲ್ಲಿ ಎದ್ದು ನಿಂತಳು. “ನಂದೊಂದು ಐತ್ರಿ.”

ಚೇರ್ಮನ್ನರು ತಿರುಗಿ ನೋಡಿದರು. “ನಿಂದೇನ ಬೇ? ಮನೀಗೆ ಹೋಗು.”

“ಸಾಹೇಬ್ರು ಕೇಳ್ಯಾರ, ಅವರಿಗೆ ಹೇಳ್ತೀನಿ,” ಎಂದಳು. ಯಾರ ಮುಖವನ್ನೂ ನೋಡದೆ ಗೋಡೆಯ ಮೇಲಿನ ನಕಾಶೆಯನ್ನೇ ನೋಡುತ್ತ ಹೇಳಿದಳು. “ನೀವು ಗ್ವಾಡಿ ಹಾಕೂ ಜಾಗಾ, ಊರ ಹೆಣಮಕ್ಕಳು ಚರಗಿ ತಗೊಂಡು ಹೋಗೂ ಜಾಗಾ ಐತ್ರಿ. ನನ್ನ ಸೊಸಿ ಏಳ ತಿಂಗಳ ಬಸುರಿ. ಗ್ವಾಡಿ ಹಾಕಿದ್ರ ಆಕಿ ಕೆರಿ ದಾಟಿ ಆಚಿಗೆ ಹೋಗಬೇಕು. ರಸ್ತಾದ ಬಾಜು ಕುಂದ್ರಾಕ ಬರೂದಿಲ್ಲ, ಲಾರಿ ಬೆಳಕು ಬಿದ್ರ ನಾವು ಎದ್ದ ನಿಂದರಬೇಕಾಗ್ತೈತಿ. ಹೊಲದವ್ರು ಕಲ್ಲು ಒಗಿತಾರ. ಇಲ್ಲಿ ಕುಂತವ್ರ ಮನ್ಯಾಗೂ ಹೆಣಮಕ್ಕಳು ಅದಾರ. ಇವ್ರು ಯಾರೂ ಹೇಳಲಿಲ್ಲ, ಅದಕ್ಕ ನಾ ಹೇಳಿದೆ.”

ಕೆಲವರು ನೆಲ ನೋಡಿದರು. ಹಿಂದೆ ಯಾರೋ ಕಿಸಕ್ಕೆಂದು ನಕ್ಕು ತಕ್ಷಣ ನಿಲ್ಲಿಸಿದರು. ಪ್ರಾಧ್ಯಾಪಕರು ಕುರ್ಚಿಯಿಂದ ಎದ್ದು ನಕಾಶೆಯ ಹತ್ತಿರ ಹೋದರು. “ಎಲ್ಲಿ ತಾಯಿ, ಸ್ವಲ್ಪ ತೋರಿಸಿ” ಎಂದು ಕೇಳಿದರು. ಆಕೆಗೆ ನಕಾಶೆ ತಿಳಿಯಲಿಲ್ಲ. ನಾನು ಎದ್ದು ಹೋಗಿ ಬೆರಳಿಟ್ಟು ತೋರಿಸಿದೆ. ಅವರು ಜೇಬಿನಿಂದ ಪೆನ್ಸಿಲ್ಲು ತೆಗೆದು ನೀಲಿಯ ಅಂಚಿನಲ್ಲಿ ಒಂದು ಗೆರೆ ಎಳೆದರು. “ಗೋಡೆಯನ್ನು ಇಷ್ಟು ಒಳಗೆ ತಗೊಬಹುದು. ಈ ಪಟ್ಟಿ ಹೊರಗೇ ಉಳೀಲಿ.”

ಆ ದಿನದ ವರದಿಯಲ್ಲಿ ಇದನ್ನು ಕಚೇರಿಯ ಭಾಷೆಗೆ ತಿರುಗಿಸಲು ಎರಡು ಸಲ ಪ್ರಯತ್ನಿಸಿದೆ. ಎರಡು ಸಲವೂ ಅದು ಬೇರೆ ಯಾವುದೋ ವಿಷಯವಾಗಿಬಿಟ್ಟಿತು. ಕೊನೆಗೆ ಆಕೆ ಆಡಿದಂತೆಯೇ ಬರೆದು ಕೊಟ್ಟೆ. ಸಾಹೇಬರು ಓದಿ ಸಹಿ ಹಾಕಿದರು.

ಯೋಜನೆ ಅಚ್ಚಾಗಿ ಬರುವುದಕ್ಕೆ ವರ್ಷದ ಮೇಲಾಯಿತು. ಅಷ್ಟರಲ್ಲಿ ಸಾಹೇಬರು ನಿವೃತ್ತರಾಗಿದ್ದರು. ಕಟ್ಟು ಬಿಚ್ಚಿ ನಾನು ಮೊದಲು ನೋಡಿದ್ದು ಆ ಮೂಲೆಯನ್ನು. ಪೆನ್ಸಿಲ್ ಗೆರೆ ನಿಜವಾಗಿತ್ತು. ನೀಲಿಯ ಹೊರಗೆ ಒಂದು ಉದ್ದನೆಯ ಪಟ್ಟಿ, ಅದಕ್ಕೆ ಹಸಿರು ಬಣ್ಣ. ಬಹಳ ದಿನಗಳ ಮೇಲೆ ಅಂದು ಕೆಲಸದ ಬಗ್ಗೆ ಸಂತೋಷವಾಯಿತು. ಮನೆಗೆ ಹೋಗಿ ಅವ್ವನಿಗೂ ಹೇಳಿದೆ.

ಹೊಸ ಸಾಹೇಬರ ಜೊತೆ ಸ್ಥಳ ನೋಡಲು ಹೋದಾಗ ಗೋಡೆ ಎದ್ದಿತ್ತು. ಪಟ್ಟಿಯೂ ಇತ್ತು. ಆದರೆ ಸುತ್ತಲೂ ಮುಳ್ಳುತಂತಿ ಬಿಗಿದು, ಒಳಗೆ ಸಾಲಾಗಿ ನೀಲಗಿರಿ ಸಸಿ ನೆಟ್ಟಿದ್ದರು. ಕಳ್ಳಿ, ಲಾಂಟಾನ ಎಲ್ಲ ಕಿತ್ತು ಹಾಕಿದ್ದರು. ನಕಾಶೆಯಲ್ಲಿ ಹಸಿರು ಎಂದರೆ ಗಿಡ ಹಚ್ಚುವುದು ಎಂದು ಅರಣ್ಯ ಇಲಾಖೆಯವರು ತಿಳಿದುಕೊಂಡಿದ್ದರು. ಅವರದ್ದೂ ತಪ್ಪೆನ್ನಲು ಬರುತ್ತಿರಲಿಲ್ಲ. ಯಾಕೆ ಬಿಟ್ಟ ಜಾಗ ಅದು ಎನ್ನುವುದು ನನ್ನ ವರದಿಯಲ್ಲಿತ್ತು, ನಕಾಶೆಯಲ್ಲಿರಲಿಲ್ಲ. ವರದಿ ಕಪಾಟಿನಲ್ಲಿತ್ತು.

ಆಯಿಯ ಮನೆಯ ಮುಂದೆ ಹಾದು ಹೋಗುವಾಗ ನನಗೆ ತಲೆ ಎತ್ತಲಾಗಲಿಲ್ಲ. ಆಕೆಯೇ ಕೂಗಿ ಕರೆದಳು. ಮೊಣಕಾಲು ನೋವಿನಿಂದ ಕೂತಲ್ಲೇ ಇದ್ದಳು.

“ಕೆರಿ ದಾಟಿ ಹೋಗಾಕ ಹತ್ಯಾರ ಎಲ್ಲಾರೂ. ನನಗ ಅಷ್ಟು ದೂರ ಆಗೂದಿಲ್ಲ, ಹಿತ್ತಲದಾಗ ದಂಟಿನ ತಟ್ಟಿ ಅಡ್ಡ ಕಟ್ಟಿ ಕೊಟ್ಟಾರ,” ಎಂದಳು. ಮೊಣಕಾಲು ಒತ್ತಿಕೊಳ್ಳುತ್ತ, “ನೀ ಬರದು ಕೊಟ್ಟಿದ್ದಿ ಹೌದಿಲ್ಲೋ?” ಎಂದು ಕೇಳಿದಳು.

“ಬರದು ಕೊಟ್ಟಿದ್ದೆ ಆಯಿ. ನೀವು ಹೇಳಿದಂಗ ಬರದು ಕೊಟ್ಟಿದ್ದೆ.”

“ಮತ್ತ?”

ಜೀಪಿನ ಹಾರ್ನು ಕೇಳಿ ಎದ್ದು ಬಂದೆ. ಮರುದಿನ ಹೊಸ ಸಾಹೇಬರಿಗೆ ಟಿಪ್ಪಣಿ ಬರೆದಿಟ್ಟೆ. ವಿಷಯ ನಮ್ಮ ಕಚೇರಿಗೆ ಸಂಬಂಧಿಸಿದ್ದಲ್ಲ ಎಂದು ಅದು ಬೇರೆ ಇಲಾಖೆಗೆ ಹೋಯಿತು. ಎರಡು ತಿಂಗಳ ಮೇಲೆ, ಹಾಗೆಯೇ, ನಮ್ಮಲ್ಲಿಗೇ ವಾಪಸು ಬಂತು.

ಮುಂದೆ ಮಂಡಲ ಪಂಚಾಯತಿಗಳು ಬಂದವು. ಹೆಂಗಸರಿಗೂ ಸ್ಥಾನ ಮೀಸಲಾಯಿತು. ಒಂದು ದಿನ ಮಧ್ಯಾಹ್ನ ನನ್ನ ಟೇಬಲ್ಲಿನ ಮುಂದೆ ಒಬ್ಬ ಹೆಂಗಸು ಬಂದು ನಿಂತಳು. ಗುರುತು ಹತ್ತಲಿಲ್ಲ.

“ನಾ ಶಾಲಿ ಬಾಜು ಮನಿ ಆಯಿ ಸೊಸಿರಿ ಅಕ್ಕಾರ. ಮೆಂಬರ್ ಆಗೀನಿ. ತಂತಿ ಬಿಚ್ಚಸಾಕ ಅರ್ಜಿ ಕೊಡಬೇಕಾಗೇತಿ. ಕಚೇರ್ಯಾಗ ನಿಮ್ಮನ್ನ ಕೇಳು ಅಂತ ಅತ್ತಿ ಹೇಳಿ ಕಳಿಸ್ಯಾಳ.”

ಕಪಾಟಿನಿಂದ ಹಳೆಯ ವರದಿ ಹುಡುಕಿ ತೆಗೆದೆ. ಅತ್ತೆ ಆಡಿದ ಮಾತನ್ನು ಓದಿ ಹೇಳಿದೆ. ಆಕೆ ಕೇಳಿ, ಇನ್ನೊಮ್ಮೆ ಓದಿರಿ ಎಂದಳು. ಅದರ ನಕಲನ್ನು ಅರ್ಜಿಗೆ ಲಗತ್ತಿಸಿದೆವು. ಮುಂದಿನ ಎಂಟು ತಿಂಗಳು ಆಕೆ ಎಷ್ಟು ಸಲ ಬಂದಳೆಂದು ಲೆಕ್ಕವಿಡಲಿಲ್ಲ. ಒಮ್ಮೆ ಸಹಿ ಮಾಡುವವರು ರಜೆ, ಒಮ್ಮೆ ಫೈಲು ಮೇಲೆ ಹೋಗಿತ್ತು. ಪ್ರತಿ ಸಲ ಬೆಂಚಿನ ಮೇಲೆ ಸಂಜೆಯವರೆಗೆ ಕೂತು ಕಲಘಟಗಿ ಬಸ್ಸಿಗೆ ಎದ್ದು ಹೋಗುತ್ತಿದ್ದಳು. ಕೊನೆಗೆ ಒಂದು ಕಡೆ ಎರಡು ಮಾರಿನಷ್ಟು ತಂತಿ ತೆಗೆಯಲು, ಒಳಗೆ ಹೆಂಗಸರ ಪಾಯಖಾನೆಗೆ ಜಾಗ ಬಿಡಲು ಆದೇಶವಾಯಿತು. ಆದೇಶದ ಪ್ರತಿಯನ್ನು ಆಕೆಯ ಕೈಗೆ ಕೊಟ್ಟೆ. ಪಾಯಖಾನೆ ಯಾರು ಕಟ್ಟಬೇಕೆಂದು ಅದರಲ್ಲಿ ಬರೆದಿರಲಿಲ್ಲ.

“ತಂತಿ ಅಂತೂ ತಗೀತಾರಲ್ರಿ,” ಎಂದಳು ಆಕೆ. “ಪಾಯಖಾನಿ ಕಟ್ಟಸಾಕ ಮತ್ತ ಬರ್ತೀನಿ.” ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡಳು. ನನಗೆ ನಗಬೇಕೆನ್ನಿಸಿತು, ಆದರೆ ಆಯಾಸವಾಗಿತ್ತು. ಇನ್ನೊಂದು ಊರಿನ ಸಭೆಯ ನೋಟೀಸು ಟೈಪು ಮಾಡುವುದಿತ್ತು. ಆಕೆ ಹೋದ ಮೇಲೆ ಅದನ್ನು ಮಾಡಿ ಮುಗಿಸಿದೆ.