ಕಿರುಬೆರಳ ತುದಿಯ ಉಪ್ಪು

ಅವರ ಬಲಗೈ ಕಿರುಬೆರಳಿನ ತುದಿ ಸದಾ ಬಿಳಿಚಿಕೊಂಡು ಸುಕ್ಕುಗಟ್ಟಿರುತ್ತಿತ್ತು, ಹಬ್ಬದ ದಿನ ಪಾತ್ರೆ ತೊಳೆದವರ ಬೆರಳಿನ ಹಾಗೆ. ಗುಬ್ಬಿ ಹತ್ತಿರದ ನಮ್ಮ ಕಾರ್ಖಾನೆಯಲ್ಲಿ ನೌಕಾಪಡೆಗೆಂದು ಹೊಸ ಹೆಲಿಕಾಪ್ಟರ್ ಸಿದ್ಧವಾಗುತ್ತಿದ್ದ ಕಾಲ. ತಪಾಸಣೆಗೆ ಅವರೇ ಹಿರಿಯರು, ನಾನು ಅವರ ಕೈಕೆಳಗಿನವನು. ಎಲ್ಲರ ಬಾಯಲ್ಲೂ ಅವರು ಯಜಮಾನ್ರು.

ಸಮುದ್ರದ ಮೇಲೆ ಹಾರುವ ಯಂತ್ರಕ್ಕೆ ಉಪ್ಪು ಅಂಟುತ್ತದೆ, ಉಳಿದರೆ ತುಕ್ಕು. ಹಾಗಾಗಿ ಉಪ್ಪುನೀರು ಎರಚುವುದು, ಸಿಹಿನೀರಲ್ಲಿ ತೊಳೆಯುವುದು, ಉಪ್ಪು ಪೂರಾ ಹೋಯಿತೇ ಎಂದು ನೋಡುವುದು ನಮ್ಮ ಪರೀಕ್ಷೆ. ಉಪ್ಪು ಅಳೆಯುವ ಮೀಟರಿನ ಕಡ್ಡಿ ಹೋಗದ ಸಂದಿಗೆ ಯಜಮಾನರ ಕಿರುಬೆರಳು ಹೋಗುತ್ತಿತ್ತು. ಅದನ್ನು ನಾಲಗೆಗೆ ತಾಗಿಸಿ, ಕಣ್ಣು ಮುಚ್ಚಿ, "ಸಪ್ಪೆ!" ಎನ್ನುವರು. ಆ ಮಾತನ್ನು ಅಷ್ಟು ಖುಷಿಯಿಂದ ಹೇಳಿದವರನ್ನು ನಾನು ಬೇರೆ ಕಂಡಿಲ್ಲ. ಆಮೇಲೆ ನನ್ನ ಸರದಿ. ಒಂದು ನಾಲಗೆ ಸಾಲದು, ಎರಡು ಬೇಕು ಎಂಬುದು ಅವರದೇ ಕಟ್ಟಳೆ.

ಕುಣಿಗಲ್ ಕಡೆಯ ಕೊತ್ತಗೆರೆಯವರು, ಸಮುದ್ರ ಕಂಡವರಲ್ಲ. "ಎಮ್ಮೆ ತೊಳ್ದಂಗೆ ತೊಳೀರ್ಲಾ. ಬೆನ್ನ ಯಾರ್ ಬೇಕಾದ್ರೂ ತೊಳೀತಾರೆ. ಕಿವಿ ಹಿಂದ್ಗಡೆ ತೊಳ್ಯೋನೆ ಎಮ್ಮೆ ಸಾಕ್ದೋನು" ಎನ್ನುವರು.

ನಡುವೆ ಗಂಟಲಿನ ಕ್ಯಾನ್ಸರಿಗೆ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಿಕೊಂಡು ಸೊರಗಿ ಬಂದರು. "ಇದೊಂದಕ್ಕೆ ಸೈನ್ ಹಾಕ್ಬುಟ್ಟು ಮನೇಲ್ ಕೂತ್ಕತೀನಿ ಕಣೋ" ಎಂದರು. ಅಲ್ಲಿಂದಾಚೆಗೆ ಮಾತ್ರ, "ನೀನ್ ಮೊದ್ಲು ನೋಡ್ಲಾ" ಅನ್ನತೊಡಗಿದರು. ನಾನು ಸಪ್ಪೆ ಎಂದರೆ ಅವರೂ ಸಪ್ಪೆ. ನನ್ನನ್ನು ಪಳಗಿಸುತ್ತಿದ್ದಾರೆ ಎಂದುಕೊಂಡೆ.

ಉಪ್ಪಾರಹಳ್ಳಿಯ ಅವರ ಮನೆಗೆ ಹೋಗಿದ್ದಾಗ ಅವರ ಹೆಂಡತಿ, ನಮಗೆಲ್ಲ ಅಮ್ಮನವರು, ನಕ್ಕರು: "ನಿಮ್ ಯಜಮಾನ್ರು ಸಾಧು ಆಗೋದ್ರು ಕಣಪ್ಪ. ಮೊನ್ನೆ ಸಾರಿಗೆ ಉಪ್ಪು ಹಾಕೋದೇ ಮರ್ತಿದ್ದೆ. ತಟ್ಟೆ ಬಳ್ಕಂಡು ಉಂಡ್ರು, ತುಟಿ ಬಿಚ್ಚಲಿಲ್ಲ!" ನಾನೂ ನಕ್ಕೆ.

ಕೊನೆಯ ಪರೀಕ್ಷೆಯ ದಿನ ನೌಕಾಪಡೆಯ ಅಧಿಕಾರಿಗಳು ಎದುರಿಗಿದ್ದರು. ಹಿರಿಯರೇ ಮೊದಲು ನೋಡಬೇಕಾಯಿತು. ರೆಕ್ಕೆ ಮಡಚುವ ಕೀಲಿನೊಳಗೆ ಕಿರುಬೆರಳು ಹಾಕಿ, ನೆಕ್ಕಿ, "ಸಪ್ಪೆ!" ಎಂದು ಪೆನ್ನು ತೆಗೆದರು. ಕಟ್ಟಳೆಯಂತೆ ನಾನೂ ನೆಕ್ಕಿದೆ. ಉಪ್ಪು. ಅಮ್ಮನವರ ಸಾರು ನೆನಪಾಯಿತು.

"ಏನ್ಲಾ, ನಾಲ್ಗೆ ನುಂಗ್ಕಂಡ್ಯಾ?"

"ಉಪ್ಪೈತೆ, ಯಜಮಾನ್ರೇ."

ಮತ್ತೊಮ್ಮೆ ಬೆರಳು ಹಾಕಿದರು, ನೆಕ್ಕಿದರು. ಆಮೇಲೆ ಪೆನ್ನನ್ನು ನನ್ನ ಜೇಬಿಗೆ ಸಿಕ್ಕಿಸಿದರು. "ಕರೆಂಟು ಕೊಟ್ಟಾಗ್ಲಿಂದ ಏನ್ ತಿಂದ್ರೂ ಮಣ್ಣು ತಿಂದಂಗೆ ಕಣೋ. ಸೈನ್ ಹಾಕೋ ಹೊತ್ಗೆ ರುಚಿ ವಾಪಸ್ ಬಂದೀತು ಅನ್ಕಂಡಿದ್ದೆ. ಬುಡು. ಅದ್ರಾಗೆ ಜೀವಗಳು ಕೂತ್ಕಂಡು ನೀರ್ ಮ್ಯಾಲೆ ಹೋಯ್ತವೆ. ಇನ್ನೊಂದ್ಸಲ ತೊಳ್ಸು."

ಅಧಿಕಾರಿಗಳಿಗೂ ಅದನ್ನೇ ಹೇಳಿದರು, ಏನನ್ನೂ ಮುಚ್ಚಿಡದೆ. ಮತ್ತೆ ತೊಳೆಸಿ, ನೋಡಿ, ರುಜು ಹಾಕಿದವನು ನಾನು. ಅವರು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು.

ಹೆಲಿಕಾಪ್ಟರ್ ಸೇವೆಗೆ ಸೇರಿತು. ಅದರ ಜೊತೆ ನಾನು ಕರಾವಳಿಯ ನೆಲೆಯಲ್ಲಿದ್ದಾಗ ಯಜಮಾನರು ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋಗಲಾಗಲಿಲ್ಲ. ಆ ಸಂಜೆಯೂ ಯಂತ್ರ ಕಡಲಿನಿಂದ ಮರಳಿತು. ತೊಳೆಸಿದೆ, ಕಿವಿ ಹಿಂದುಗಡೆಯೂ. ಕೀಲಿನ ಸಂದಿಗೆ ಕಿರುಬೆರಳು ಹಾಕಿ ನಾಲಗೆಗೆ ತಾಗಿಸಿಕೊಂಡೆ.

"ಸಪ್ಪೆ" ಎಂದೆ. ಎರಡನೆಯ ನಾಲಗೆಗೆಂದು ಪಕ್ಕಕ್ಕೆ ಸರಿದು ಜಾಗ ಬಿಟ್ಟೆ.